ಐದು ಪ್ರಶ್ನಾರ್ಥಕ ಚಿಹ್ನೆ

ಕಾರ್ಯದರ್ಶಿ ಗಟ್ಟಿಯವರು ಮೀಟಿಂಗಿನಲ್ಲಿ ಕೇಳಿದ್ದು ಒಂದೇ:
‘ಅದು ಎಂತ ಮಾಡ್ತದೆ ಅಲ್ಲಿ, ಮುಳ್ಳೇರಿಯದಲ್ಲಿ?’
ಏನೂ ಮಾಡುವುದಿಲ್ಲ ಸರ್. ಕೇಳಿಸಿಕೊಳ್ಳುತ್ತದೆ.
ಕುಂಬಳೆಯ ಕೌಂಟರಿನಲ್ಲಿ ಮಿಸ್ರಿಯಾ ಬೀಡಿಯ ದುಡ್ಡು ಕಟ್ಟಿದರೆ
ನಾಲ್ಕು ಸೆಕೆಂಡು ತಡೆದು
ಅಲ್ಲಿಯೂ ಕಟ್ಟಿದಳೆಂದು ಬರೆದುಕೊಳ್ಳುತ್ತದೆ.
‘ಸುಮ್ಮನೆ ಕೂತದ್ದಕ್ಕೂ ಕರೆಂಟು ಬಿಲ್ಲು ಉಂಟಲ್ಲ!’
ಉಂಟು. ಎ.ಸಿ.ಯೂ ಬೇಕು.

ನಾಲ್ಕು ಸೆಕೆಂಡು ಎಂದರೆ
ನೋಟೆಣಿಸುವ ಯಂತ್ರ ಒಂದು ಕಟ್ಟು ನುಂಗುವಷ್ಟು.
ಆ ನಡುವೆ ಇಲ್ಲಿಯದು ಸತ್ತರೆ
ಮಿಸ್ರಿಯಾಳ ಕೈಯಲ್ಲಿ ಚೀಟಿ ಇರುತ್ತದೆ,
ಲೆಕ್ಕ ಎಲ್ಲಿಯೂ ಇರುವುದಿಲ್ಲ.
ಅದನ್ನೂ ಪ್ಲಾನಿನಲ್ಲಿ ಬರೆದೆ. ಮೂರನೆಯ ಪುಟ, ಕೆಳಗೆ.

ಬ್ಯಾಕಪ್ಪು ಇದೆಯಲ್ಲ ಎಂದರು.
ಇದೆ. ಎರಡು ವರ್ಷದಿಂದ ದಿನಾ ರಾತ್ರಿ ಒಂದೂವರೆಗೆ,
ಹಸಿರು ಟಿಕ್ಕಿನ ಸಮೇತ.
ಒಮ್ಮೆಯೂ ಯಾರೂ ತೆರೆದು ನೋಡಿರಲಿಲ್ಲ.
ತೆರೆದೆ.
ಮೊತ್ತ ಸರಿ, ಬಡ್ಡಿ ಸರಿ, ತಾರೀಕು ಸರಿ.
ಹೆಸರಿನ ಸಾಲಿನಲ್ಲಿ ಬರೀ ಪ್ರಶ್ನಾರ್ಥಕ,
ಕನ್ನಡದ್ದೂ ಮಲಯಾಳದ್ದೂ, ಭೇದವಿಲ್ಲದೆ.
ಐತಪ್ಪ ಇದ್ದಲ್ಲಿ ?????
ಮೂರಕ್ಷರಕ್ಕೆ ಐದು ಯಾಕೆಂದು ಬೆರಳು ಮಡಚಿದೆ:
ಐಗೊಂದು, ತಕಾರಕ್ಕೊಂದು, ಪಕಾರಕ್ಕೊಂದು,
ಅದರ ಕಾಲಿಗೆ ಬಿದ್ದ ಒತ್ತಿಗೊಂದು,
ಎರಡನ್ನೂ ಕಟ್ಟಿದ, ಕಣ್ಣಿಗೆ ಕಾಣದ ಕೊಂಡಿಗೊಂದು.
ಐತಪ್ಪ ನಮ್ಮ ರಾತ್ರಿ ಕಾವಲಿನವ.
ಆಗ ಬಾಗಿಲಲ್ಲೇ ಟಾರ್ಚು ಹಿಡಿದು ನಿಂತಿದ್ದ.
ಹೇಳಲಿಲ್ಲ.

ಸರಿಪಡಿಸಲಿಕ್ಕೆ ಹದಿನೇಳು ದಿನ ಹಿಡಿಯಿತು.
ಸತ್ತಿತೆಂದು ಸಾರುವ ಅಧಿಕಾರ ಯಾರಿಗೆ ಎಂಬುದಕ್ಕೆ
ಮತ್ತೆರಡು ಮೀಟಿಂಗು.
ಅವಸರಪಟ್ಟರೆ ಎರಡೂ ತಾನೇ ಮೊದಲನೆಯದು ಅನ್ನುತ್ತವೆ,
ಒಂದೇ ಖಾತೆಗೆ ಎರಡು ಯಜಮಾನಿಕೆ.
ಗಡಿಯಲ್ಲಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಭಾನುವಾರ ರಾತ್ರಿ ಹತ್ತೂ ಹತ್ತು.
ಮುಳ್ಳೇರಿಯದಲ್ಲಿ ಲೋಲಾಕ್ಷಿ, ಕಿವಿಗೆ ಫೋನು.
‘ಎಳೆಯಲಾ?’
‘ಎಳಿ ಮಾರಾಯ.’
ಕೇಬಲ್ಲು ಕೈಗೆ ಬಂತು, ಬೆಚ್ಚಗಿತ್ತು.
ಒಂದು ನಿಮಿಷ. ಎರಡು. ಐತಪ್ಪ ಕೆಮ್ಮಿದ.
‘ಬಂತು,’ ಅಂದಳು.
ಹೆಸರು ಓದು.
‘ಐತಪ್ಪ. ಮಿಸ್ರಿಯಾ. ಲಿಲ್ಲಿ ಕ್ರಾಸ್ತಾ, ಬೇಳ. ಕುಂಞಿಕಣ್ಣ...’
ಓದುತ್ತಲೇ ಇದ್ದಳು.
ಸಾಕು ಅನ್ನಲಿಲ್ಲ ನಾನು.

ಸೋಮವಾರ ಯಾರಿಗೂ ಏನೂ ಗೊತ್ತಾಗಲಿಲ್ಲ.
ಟೋಕನ್ ಹನ್ನೆರಡರವರು ಪೆನ್ನಿಗೆ ಕಟ್ಟಿದ ನೂಲು ಗಿಡ್ಡವೆಂದು ಬೈದರು.
ಮಧ್ಯಾಹ್ನ ಹಳೆಯದಕ್ಕೆ ಕೇಬಲ್ಲು ಸಿಕ್ಕಿಸಿದೆ.
ಎದ್ದದ್ದೇ, ಏನೂ ಆಗಿಲ್ಲವೆಂಬ ಗತ್ತಿನಲ್ಲಿ
ಫ್ಯಾನು ತಿರುಗಿಸಿತು.
ನೀನೀಗ ಎರಡನೆಯದು, ಕೇಳಿಸಿಕೋ,
ಎಂದು ಅದಕ್ಕೆ ಹೇಳುವುದು ಯಾರು?
ಪ್ಲಾನಿನಲ್ಲಿ ಬರೆದಿರಲಿಲ್ಲ.
ಪೆನ್ನು ಹುಡುಕಿದೆ.