ನಾಲ್ಕನೆಯ ಕಾಲು

ಬೀಟೆಯದಲ್ಲ, ಬರೀ ಸಿಲ್ವರ್ ಓಕಿನ ಕಪಾಟು.
ಗೆದ್ದಲು ಒಳಗಿಂದೊಳಗೆ ತಿಂದು ಬಣ್ಣ ಮಾತ್ರ ಬಿಟ್ಟಿತ್ತು;
ಬೆರಳಿಟ್ಟೆ, ಬೆರಳು ಒಳಗೆ ಹೋಯಿತು.
ಅಂದಿನಿಂದ ಕಾಚಂಪುಳಿಯ ಸೀಸೆಗಳು ನೆಲದ ಮೇಲೆ,
ಜೇನಿನ ಡಬ್ಬ ಮಂಚದ ಕೆಳಗೆ,
ಕಾಲಿಟ್ಟಲ್ಲೆಲ್ಲ ಉಪ್ಪಿನಕಾಯಿ.

ಇನ್ನು ಕಬ್ಬಿಣವೇ ಸರಿ ಎಂದೆ.
ಸಿದ್ದಾಪುರದಿಂದ ಒಂದಿಂಚಿನ ಚೌಕ ಪೈಪು
ಆಟೋದ ನೆತ್ತಿಗೆ ಕಟ್ಟಿಸಿಕೊಂಡು,
ತುದಿಯಲ್ಲಿ ನನ್ನದೇ ಹಳೇ ಕೆಂಪು ರವಿಕೆ ಬೀಸುತ್ತ
ನೆಲ್ಲಿಹುದಿಕೇರಿಗೆ ಬಂತು.

"ಮಾಡಿಸಿದರೆ ಆಗದಾ ದೇಚಕ್ಕಾ?"
ಮಷೀನು ಬಾಡಿಗೆಗೆ ಕೊಡುತ್ತ ಕೇಳಿದ ಮೊಯ್ದು.
ಆಗುತ್ತದೆ.
ಇಪ್ಪತ್ತಾರು ವರ್ಷ ಅಂಚೆ ಕಚೇರಿಯಲ್ಲಿ
ಕಂಡವರ ಕಾಗದಕ್ಕೆ ಮುದ್ರೆ ಒತ್ತಿದ್ದೇನೆ,
ನನ್ನದೊಂದು ಗುರುತು ಎಲ್ಲಾದರೂ ಇರಲಿ
ಅಂತ ಹೇಳಲಿಲ್ಲ. "ಕಲೀತೇನೆ" ಅಂದೆ.

ಮುದ್ರೆಯ ಕೈ ಕುಟ್ಟುತ್ತದೆ. ರಾಡು ಕುಟ್ಟಬಾರದು;
ಬೆಂಕಿಕಡ್ಡಿಯಂತೆ ಗೀರಿ, ಅಕ್ಕಿಕಾಳಿನಷ್ಟು ಎತ್ತಿ, ಎಳೆಯಬೇಕು.
ಕುಟ್ಟಿದೆ. ಅಂಟಿತು.
ಜಗ್ಗಿದರೆ ಪೈಪೇ ಎದ್ದು ಬಂತು
ತಾಯ ಹೊಟ್ಟೆ ಬಿಡದ ಮಂಗನ ಮರಿಯ ಹಾಗೆ.
ರಾಡಿಗೆ ತೇವ ಬೇರೆ, ನಮ್ಮೂರ ಗಾಳಿ ಅದರೊಳಗೂ ಹೊಕ್ಕಿತ್ತು.
ರೊಟ್ಟಿ ಬೆಂದ ಕಾವಲಿಯ ಮೇಲೆ ಸಾಲಾಗಿ ಮಲಗಿಸಿ ಒಣಗಿಸಿದೆ.

ಸಂಜೆ ಸುತ್ತಲ ತೋಟಗಳಲ್ಲೆಲ್ಲ ಹೂವಿಗೆಂದು ಸ್ಪ್ರಿಂಕ್ಲರ್;
ಪಂಪುಗಳು ಕರೆಂಟು ಕುಡಿದು
ನನಗೆ ಉಳಿಸಿದ್ದು ಬರೀ ಕೆಮ್ಮು.
ಹನ್ನೊಂದಕ್ಕೆ ನಿಂತವು. ಆಗ ಹಚ್ಚಿದೆ.

ಮುಖವಾಡದ ಗಾಜಿನಲ್ಲಿ
ಶೆಡ್ಡಿಲ್ಲ, ಕೈಯಿಲ್ಲ, ದೇಚಮ್ಮನಿಲ್ಲ.
ಒಂದು ಹಸಿರು ಬೆಳಕು, ಅದರ ಬುಡದಲ್ಲಿ
ಜೋನಿಬೆಲ್ಲದಂತೆ ಅಲುಗುವ ಒಂದು ಹನಿ.
"ನೋಡಿದ್ದು ಸಾಕು, ಕೇಳಿ" ಅಂದಿದ್ದ ಮೊಯ್ದು,
"ಮತ್ತಿ ಮೀನು ಹುರಿಯುವ ಸದ್ದು ಬಂದರೆ ಸರಿ."
ಮೂರನೆಯ ಮೂಲೆಯಲ್ಲಿ ಹುರಿಯಿತು,
ಒಂದಿಂಚು, ಇನ್ನೂ ಅರ್ಧ...

ರಸ್ತೆಯಲ್ಲಿ ಆನೆ ಕಾಯುವವರ ಜೀಪು ನಿಂತಿತು.
ಟಾರ್ಚು ಬಿಟ್ಟು, "ಯಾರದು? ಪಟಾಕಿಯಾ?"
"ಕಪಾಟು" ಅಂದೆ.
ಸ್ವಲ್ಪ ಹೊತ್ತು ನಿಂತಿದ್ದು, ಏನೂ ಅನ್ನದೆ ಹೋದರು.

ಕಬ್ಬಿಣ ಆರುವಾಗ ತನ್ನ ಕಡೆಗೆ ಎಳೆದುಕೊಳ್ಳುತ್ತದೆ,
ಇದನ್ನು ಯಾರೂ ಹೇಳಿರಲಿಲ್ಲ.
ಬೆಳಿಗ್ಗೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಬೆರಳಗಲ ವ್ಯತ್ಯಾಸ.
ಮೂರು ಕಾಲು ನೆಲದಲ್ಲಿ, ನಾಲ್ಕನೆಯದು ಗಾಳಿಯಲ್ಲಿ,
ಕಂಬ ಕಂಡ ನಾಯಿಯಂತೆ.

ಮೊಯ್ದು ಬಂದು ಸುತ್ತಿಗೆಯ ಚೂಪಿನಿಂದ
ಬೆಸುಗೆಯ ಕರಿ ಹಕ್ಕಳೆ ಎಬ್ಬಿಸಿದ.
"ಹಕ್ಕಿ ಹಿಕ್ಕೆ" ಅಂದ ಮೊದಲನೆಯದಕ್ಕೆ.
ಎರಡನೆಯದಕ್ಕೂ.
ಮೂರನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತು
ಹೆಬ್ಬೆರಳಿನಿಂದ ಸವರಿ,
"ಇದನ್ನು ಯಾರು ಮಾಡಿದ್ದು?" ಅಂದ.

ತಗಡು ಹಾಸಿ, ಕೆಂಪು ಆಕ್ಸೈಡು ಬಳಿದು, ಒಣಗಲು ಬಿಟ್ಟು
ಮಧ್ಯಾಹ್ನ ಬಂದು ನೋಡಿದರೆ
ಕೆಳಗಿನ ಅಂತಸ್ತಿನ ಮೂಲೆಯಲ್ಲಿ ನಮ್ಮ ಬೋಳುಕತ್ತಿನ ಕೋಳಿ,
ಹೊಟ್ಟೆಯೆಲ್ಲ ಕೆಂಪು, ಕಣ್ಣು ಅರೆ ಮುಚ್ಚಿ.
ಅದರ ಭಾರಕ್ಕೆ ನಾಲ್ಕನೆಯ ಕಾಲು ನೆಲ ಮುಟ್ಟಿತ್ತು.

ಮೊಟ್ಟೆ ಇಡುವ ತನಕ
ಉಪ್ಪಿನಕಾಯಿ ಕೆಳಗೇ ಇರಲಿ.