ತಿದ್ದುಪಡಿ

ಆದೇಶದ ಮೂರನೇ ಪುಟ, ನಾಲ್ಕನೇ ಕಲಮು:
‘ಕೂಸಿನ ಮನೆಯ ವೇಳೆ ಬೆಳಿಗ್ಗೆ 10ರಿಂದ.’
ಬೆರಳಿಟ್ಟು ಓದಿ ಹೇಳಿದೆ.
ಫಕ್ಕೀರವ್ವ ನಕ್ಕಳು:
“ಹತ್ತಕ್ಕ ನಮ್ಮ ಅರ್ಧಾ ಹೊಲಾ ಮುಗದಿರತೈತ್ರಿ ಅಕ್ಕಾರ.
ಹೂವಿಗೆ ಯಾರ ಓದಿ ಹೇಳಬೇಕು ಇದನ್ನ?”

ರಾಣೆಬೆನ್ನೂರಿನಿಂದ ಎರಡನೇ ಬಸ್ಸು ಇಳಿದರೆ
ಬೀಜದ ಕಂಪನಿಯ ಬೆಂಡಿ ಹೊಲ.
ಆರಕ್ಕೆ ಸಾಲಿಗಿಳಿಯಬೇಕು.
ನಿನ್ನೆ ಸಂಜೆ ಬಿಡಿಸಿಟ್ಟ ಮೊಗ್ಗಿನ ತುದಿಗೆ
ಗಂಡು ಹೂವಿನ ಪುಡಿ ಸವರಬೇಕು,
ಕೆಂಪು ದಾರ ಕಟ್ಟಬೇಕು,
ಕಟ್ಟಿದ್ದನ್ನು ಸೂಪರ್‌ವೈಜರ್ ಎಣಿಸುತ್ತಾನೆ.
ಬದುವಿನ ಜಾಲಿಗೆ ಯೂರಿಯಾ ಚೀಲದ ಜೋಳಿಗೆ,
ಅದರೊಳಗೆ ಮೈಲಾರಿ, ಏಳು ತಿಂಗಳಿನವ.
ಅವ ಅತ್ತರೆ
ಎದೆಯ ಹಾಲು ಕುಪ್ಪಸಕ್ಕೆ ಇಳಿಯುತ್ತದೆ,
ಕೈ ಮಾತ್ರ ದಾರ ಕಟ್ಟುತ್ತಲೇ ಇರುತ್ತದೆ.

ಎಣಿಸುವುದು ನನ್ನ ಕೆಲಸವೂ ಹೌದು.
ಮನೆ ಮನೆಗೆ ಹೋಗಿ ಫಾರಂ ತುಂಬಿದೆ.
ಮೂರು ವರ್ಷದೊಳಗಿನವು ನಲವತ್ತೊಂದು.
‘ತಾಯಿ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವರು?’
ಅಜ್ಜಿ, ಅಂದರು ಕೆಲವರು.
ಅಕ್ಕ, ಅಂದರು. ಅಕ್ಕನ ವಯಸ್ಸು ಆರು.
ಹಿಂದಿನ ಓಣಿಯ ಶಕೀಲಾ ಒಲೆ ಊದುತ್ತ
“ಅಲ್ಲಾ ಅದಾನಲ್ರಿ” ಅಂದಳು.
ಫಾರಮಿನಲ್ಲಿ ಅವನಿಗೆ ಜಾಗವಿರಲಿಲ್ಲ.
‘ಇತರೆ’ಯಲ್ಲಿ ಗೀಟು ಹಾಕಿಕೊಂಡೆ.

ಹಾವೇರಿಗೆ ಮೂರು ಸಲ ಹೋಗಿಬಂದೆ.
ಸಾಹೇಬರು ಕೆಟ್ಟವರಲ್ಲ. ಚಹಾ ತರಿಸಿದರು.
“ನಿಯಮ ಅಂದಮೇಲೆ ಎಲ್ಲಾ ಊರಿಗೂ ಒಂದೇ ಮೇಡಂ,
ನಿಮ್ಮ ಹೂವಿಗೊಂದು ಮಾಡಿದರೆ
ನಾಳೆ ಇಟ್ಟಂಗಿ ಭಟ್ಟಿಯವರು ಬರುತ್ತಾರೆ.”
ಬರಲಿ ಸರ್, ಅಂದೆ. ಬರಬೇಕಲ್ಲವೇ.

ಮೂರನೇ ಸಲ ಊಟದ ಡಬ್ಬಿಯಲ್ಲಿ
ಬೆಂಡಿ ಹೂವು ಇಟ್ಟುಕೊಂಡು ಹೋದೆ.
ಹಳದಿ, ಒಳಗೆ ಬದನೆ ಬಣ್ಣದ ಕಣ್ಣು.
ಮೀಟಿಂಗು ಹನ್ನೊಂದಕ್ಕಿತ್ತು.
ಅವರು ಬಂದದ್ದು ಒಂದೂವರೆಗೆ.
ಡಬ್ಬಿ ತೆಗೆದೆ.
ಮುದುಡಿದ ಚಿಂದಿಯಂಥದೇನೋ ಇತ್ತು ಅದರಲ್ಲಿ.
ಪ್ರಸಾದವೆಂದುಕೊಂಡು ಅವರು ಕಣ್ಣಿಗೊತ್ತಿಕೊಂಡರು.
ನಾನು ತಿದ್ದಲಿಲ್ಲ.
ಇದು ಬೆಳಿಗ್ಗೆ ಅರಳಿತ್ತು ಸರ್, ಅಂದೆ ಅಷ್ಟೇ,
ನೀವು ಬರೋದ್ರೊಳಗ ಮುಚ್ಚಿಕೊಂತು.

ಮಳೆಗಾಲ ಕಳೆದು ಕಾಗದ ಬಂತು.
10ನ್ನು ಹೊಡೆದು ಮೇಲೆ ಪೆನ್ನಿನಲ್ಲಿ 8,
ಪಕ್ಕದಲ್ಲಿ ಇರುವೆಯಂಥ ಸಹಿ.
ಆರು ಕೇಳಿದ್ದೆ, ಎಂಟು ಕೊಟ್ಟರು.
ಬಸ್ಸಿನಲ್ಲಿ ಕೂತು ಎರಡು ಸಲ ಖುಷಿಪಟ್ಟೆ,
ಮೋಟೆಬೆನ್ನೂರು ದಾಟುವ ಹೊತ್ತಿಗೆ
ಉಳಿದ ಎರಡು ತಾಸು
ಮಡಿಲಲ್ಲಿ ಒದ್ದಾಡತೊಡಗಿದವು.

ಪಂಚಾಯಿತಿಯವರು ಅದರ ಝೆರಾಕ್ಸು ಮಾಡಿದರು,
ಝೆರಾಕ್ಸಿನ ಮೇಲೊಂದು ಝೆರಾಕ್ಸು.
ಕೂಸಿನ ಮನೆಯ ಗೋಡೆಗೆ ಅಂಟಿದ್ದು ಕೊನೆಯದು.
ಅದರಲ್ಲಿ ಎಂಟರ ಮೇಲಿನ ಸುತ್ತು
ಬಲಗಡೆ ಸವೆದು ತೆರೆದುಕೊಂಡಿದೆ.

ಮೊನ್ನೆ ನಸುಕಿನಲ್ಲಿ ಹೋದಾಗ ಬಾಗಿಲು ತೆಗೆದಿತ್ತು.
ಲೈಟು ಉರಿಯುತ್ತಿತ್ತು.
ಹೊನ್ನವ್ವನ ತೊಡೆಯ ಮೇಲೆ ಮೈಲಾರಿ,
ಬಾಯಲ್ಲಿ ಅವಳ ಸೆರಗಿನ ತುದಿ.
ಜಮಖಾನೆಯ ಮೇಲೆ ಇನ್ನೂ ಹನ್ನೊಂದು,
ಅದರಲ್ಲಿ ಒಂದು ಅವಳದೇ.
ಗೋಡೆ ನೋಡಿದೆ, ಅವಳನ್ನು ನೋಡಿದೆ.
“ನನ್ನ ಕಣ್ಣಿಗೆ ಅದು ಆರs ಕಾಣತೈತ್ರಿ” ಅಂದಳು,
ಕಣ್ಣು ಚೆನ್ನಾಗಿರುವ ಹೆಂಗಸು.

ಅವಳ ಸಂಬಳ ಎಂಟರಿಂದ.
ಮೂಲಪ್ರತಿ ನನ್ನ ಚೀಲದಲ್ಲಿದೆ,
ಅದರಲ್ಲಿ ಅಂಕಿ ಸ್ಪಷ್ಟವಾಗಿದೆ.
ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ
ಹೊಸ ಅರ್ಜಿಯ ಮೊದಲ ಸಾಲು ಯೋಚಿಸಿದೆ:
ಮಾನ್ಯರೇ, ದಿನಕ್ಕೆ ಎರಡು ತಾಸು
ಒಬ್ಬ ಹೆಂಗಸು ತಪ್ಪಾಗಿ ಓದುತ್ತಿದ್ದಾಳೆ,
ಅದಕ್ಕೆ