ತಿಲ್ಕಾಳ ಜೇಬಿಗೊಂದು

ಬಾಗಿಲ ಗಂಟೆ ಅಲುಗುವ ಮೊದಲೇ ಗೊತ್ತು ನನಗೆ,
ಟಪಾಲಿನ ಹಳದಿ ಸ್ಕೂಟರು ನಿಂತ ಸದ್ದಿಗೆ,
ಬಂದವಳು ತಿಲ್ಕಾ.
ಹೆಲ್ಮೆಟ್ಟು ಗಲ್ಲಾದ ಮೇಲಿಟ್ಟು, ಕೈ ಉಜ್ಜಿಕೊಂಡು,
‘ಯೆರ್ನೆಯ್, ಒಂದು ಚಾಕು ಬೇಕು’ ಎಂದಳು.
‘ಹಳೆಯದು ವೆನಿಸ್ಸಿನ ವಿಮಾನ ನಿಲ್ದಾಣದಲ್ಲಿ
ಪ್ಲಾಸ್ಟಿಕ್ ತಟ್ಟೆಯೊಳಗೆ ಕೂತುಬಿಟ್ಟಿತು.
ತಮ್ಮನ ಮದುವೆಗೆ ಹೊರಟಿದ್ದೆ. ತೆಗೆದಿಡಬೇಕಿತ್ತು.
ಇದೆ ಎನ್ನುವುದೇ ಮರೆಯುವಷ್ಟು ವರ್ಷ
ಜೇಬಲ್ಲಿ ಇತ್ತು ಅದು.’

ಗಾಜಿನ ಖಾನೆ ಎಳೆದೆ.
ಸೋಚಾ ನದಿಯ ದಂಡೆಗೆ ಡೇರೆ ಹೊತ್ತು ಬರುವವರಿಗೆಂದು
ತರಿಸಿಟ್ಟ ಸಾಲು: ಕೆಂಪು, ಕಪ್ಪು, ಆಲಿವ್ ಮರದ ಹಿಡಿ.
ದೊಡ್ಡದನ್ನೇ ಮೊದಲು ಕೊಟ್ಟೆ, ವ್ಯಾಪಾರಿಯಲ್ಲವೇ.
ಮೂವತ್ತೊಂದು ಕೆಲಸ.
ಎಲ್ಲ ಬಿಡಿಸಿಟ್ಟರೆ ಅಂಗಾತ ಬಿದ್ದ ಏಡಿ:
ಗರಗಸ, ಅರ, ಇಕ್ಕಳ, ಭೂತಗನ್ನಡಿ,
ಮೀನಿನ ಹುರುಪೆ ಹೆರೆಯುವ ಹಲ್ಲು,
ಮತ್ತು ಯಾತಕ್ಕೆಂದು ನನಗಿನ್ನೂ ತಿಳಿಯದ
ಒಂದು ಕೊಕ್ಕೆ.
ಅಂಗೈಯಲ್ಲಿ ತೂಗಿ ನೋಡಿ ನಕ್ಕಳು:
‘ಇದನ್ನು ಹೊರಲು ಇನ್ನೊಬ್ಬ ಅಂಚೆಯವನು ಬೇಕು.
ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಮಾರುತ್ತೀಯಲ್ಲ.’

‘ಹಾಗಾದರೆ ಹೇಳು,
ಅದು ನಿನ್ನ ಬಳಿಯಿದ್ದ ಕೊನೇ ವಾರ
ಏನೇನು ಕೊಯ್ದೆ?’

ಎಲ್ಲರನ್ನೂ ಕೇಳುತ್ತೇನೆ ಇದನ್ನು.
ಎಲ್ಲರೂ ಕರಡಿಯಿಂದ ಶುರುಮಾಡುತ್ತಾರೆ:
ಕರಡಿ ಎದುರಾದರೆ, ಹಿಮ ಕುಸಿದರೆ,
ಬಂಡೆಯ ನಡುವೆ ಹಗ್ಗ ಸಿಕ್ಕಿಬಿದ್ದರೆ.
ತಿಲ್ಕಾ ಬೆರಳು ಮಡಿಸಿದಳು.
ಪಾರ್ಸೆಲ್ಲಿನ ದಾರ. ಸೇಬು.
ಮತ್ತೆ ಸೇಬು.
ಮುದುಕ ಫ್ರಾನ್ಸೆಯ ಮಾತ್ರೆ ಪೊಟ್ಟಣ, ಅವನ ಬೆರಳೀಗ ಬಾಗುವುದಿಲ್ಲ.
ಒಂದು ನಾಯಿಯ ಅಂಗಾಲ ಮುಳ್ಳು, ಚಿಮುಟದಿಂದ;
ನಾಯಿ ಯಾರದೋ.
ಮೇಲಿನ ಹುಲ್ಲುಗಾವಲಲ್ಲಿ ಚೀಸು ಮಾಡುವ ಹುಡುಗಿಗೆ
ಬಂದ ಒಂದು ಲಕೋಟೆ.
‘ತಾನೇ ಒಡೆಯಲಾರದೆ ನನ್ನ ಕೈಗೆ ಕೊಟ್ಟಳು.
ಕೊಯ್ದು ಕೊಟ್ಟು, ಬೆನ್ನು ತಿರುಗಿಸಿ ನಿಂತೆ.’

ಬಿರಡೆ ಕೀಳುವ ಸುರುಳಿ?
‘ಬೇಕು. ವೈನಿಗಲ್ಲ.
ನೆನೆದ ಬೂಟಿನ ಲೇಸು ಗಂಟಾದಾಗ
ಅದಕ್ಕಿರುವ ತಾಳ್ಮೆ ನನ್ನ ಉಗುರಿಗಿಲ್ಲ.’

ಆಮೇಲೆ ಜಗಳ.
ಅಲಗಿಗೆ ಬೀಗ ಇರಲೇಬೇಕು ಅಂದೆ,
ಎಡಗೈ ತೋರುಬೆರಳ ಬಿಳಿ ಗೆರೆ ಸಾಕ್ಷಿ ಹೇಳಿತು.
ಒಂದೇ ಕೈಯಲ್ಲಿ ತೆರೆಯಬೇಕು ಅಂದಳು,
ಇನ್ನೊಂದರಲ್ಲಿ ಊರವರ ಕಾಗದ ಇರುತ್ತದೆ.
ಕತ್ತರಿ ಇರಲಿ. ಗರಗಸ ಬೇಡ,
ಒಣ ಕಡ್ಡಿ ಮುರಿಯಲು ಮೊಣಕಾಲಿದೆ.
ಡಬ್ಬಿ ಬಿಚ್ಚುವ ಕೊಕ್ಕೆ ಬೇಕೇ ಬೇಕು:
ಡೇರೆಯ ಹೊರಗೆ ಹುರುಳಿಕಾಳಿನ ಡಬ್ಬಿಯನ್ನು
ಕಲ್ಲಿಗೆ ಜಜ್ಜಿ ಜಜ್ಜಿ
ಮರಳು ಬೆರೆತ ಊಟ ಉಂಡವಳು.
ನಡುವೆ ಇಬ್ಬರು ಗಿರಾಕಿಗಳು ಬಂದು, ನಮ್ಮನ್ನು ನೋಡಿ, ಹೋದರು.

ಕೊನೆಗೆ ಆರಿಸಿದ್ದು ಬೂದು ಬಣ್ಣದ್ದು, ಬೆರಳುದ್ದ,
ಎಂಬತ್ತು ಗ್ರಾಂ.
ತೋರಿಕೆಯದನ್ನು ಜೇಬಿಗಿಳಿಸಿ
ಕಿಟಕಿಯ ತನಕ ನಡೆದಳು, ಬಂದಳು,
ಸ್ಟೂಲಿನ ಮೇಲೆ ಕೂತಳು, ಎದ್ದಳು.
‘ಇದೆ ಅಂತ ಗೊತ್ತಾಗುತ್ತಲೇ ಇದೆ.’
‘ಗೊತ್ತಾಗದೆ ಹೋಗಲು ವರ್ಷ ಹಿಡಿಯುತ್ತದೆ’ ಅಂದೆ.
‘ಅದನ್ನು ನಾನು ಮಾರುವುದಿಲ್ಲ.’

ಹೊಸದನ್ನು ಒಳಗಿಂದ ತಂದೆ.
ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಅಂಚೆಲ್ಲ ಬೆಸೆದದ್ದು.
ಉಗುರು ಹಾಕಿದಳು. ಹಲ್ಲೂ ಹಾಕಿದಳು.
ಮೂವತ್ತೆಂಟು ಯೂರೋ ಒಳಗೆ ಕೂತು ಹೊಳೆಯುತ್ತಿತ್ತು.
‘ಯೆರ್ನೆಯ್, ಚಾಕು ಇದೆಯಾ?’

ಏಪ್ರನ್ನಿನಿಂದ ನನ್ನದನ್ನು ತೆಗೆದೆ.
ಮಸೆದು ಮಸೆದು ಅಮಾವಾಸ್ಯೆಗೆ ಹತ್ತಿರವಾದ ಅಲಗು,
ಕತ್ತರಿ ಮುರಿದು ಎಷ್ಟೋ ಕಾಲ,
ಹಲ್ಲುಕಡ್ಡಿ ಕಳೆದ ತೂತಿನಲ್ಲಿ
ಒಂದು ಚೂರು ಪೆನ್ಸಿಲ್ ಸೀಸ.
ಒಂದೇ ಎಳೆತ, ಬಿಚ್ಚಿಕೊಂಡಿತು.

‘ಇದಕ್ಕೆಷ್ಟು?’
ನಾನು ಚಿಲ್ಲರೆ ಎಣಿಸುತ್ತಿದ್ದೆ,
ಕೇಳಿಸಲಿಲ್ಲವೆಂಬಂತೆ.

ಸ್ಕೂಟರು ತಿರುವು ಹತ್ತಿ ಮರೆಯಾಯಿತು.
ಗಲ್ಲಾದ ಮೇಲೆ
ಚಾಕುವಿನ ಆಕಾರದ ಒಂದು ಖಾಲಿ,
ಹೆಲ್ಮೆಟ್ಟಿನ ಒದ್ದೆ ಉಂಗುರ.